ಗುಂಪಿನಲ್ಲಿ ನಿಂತವರ ಮುಖ: ತೆರೆಯ ಮೇಲಿನ ಬಂಡಾಯಗಳು

(ಕಲ್ಯಾಣ ಕರ್ನಾಟಕ ಉತ್ಸವದ ವಾರದಲ್ಲಿ ಕಲಬುರಗಿಯ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಅರಸನ ವಿರುದ್ಧವೋ ಸರಕಾರದ ವಿರುದ್ಧವೋ ಊರ ಜಮೀನ್ದಾರನ ವಿರುದ್ಧವೋ ಜನ ಎದ್ದು ನಿಂತ ಕಥೆಯನ್ನು ಹೇಳಲು ಹೊರಟ ಸಿನಿಮಾ ಮೊದಲು ಮಾಡುವ ಕೆಲಸವೆಂದರೆ ಆ ಕಥೆಯನ್ನು ಇಬ್ಬರಿಗೆ ಇಳಿಸುವುದು. ದಬ್ಬಾಳಿಕೆ ಮಾಡುವವನು ಒಬ್ಬ, ಎದುರು ನಿಲ್ಲುವವನು ಒಬ್ಬ. ಉಳಿದವರೆಲ್ಲ ಅವರ ಹಿಂದೆ ಪಂಜು ಹಿಡಿದು ನಿಲ್ಲುತ್ತಾರೆ, ನಾಯಕ ಕೈ ಎತ್ತಿದಾಗ ಜೈಕಾರ ಹಾಕುತ್ತಾರೆ, ಗುಂಡು ಹಾರಿದಾಗ ಬೀಳುತ್ತಾರೆ. 1961ರ ‘ಕಿತ್ತೂರು ಚೆನ್ನಮ್ಮ’ ಮತ್ತು 1975ರ ‘ಮಯೂರ’ ಚಿತ್ರಗಳನ್ನು ನಾವೆಲ್ಲ ಎದೆಯುಬ್ಬಿಸಿಕೊಂಡು ನೋಡಿದವರು. ಅಧಿಕಾರದ ಎದುರು ಕನ್ನಡದಲ್ಲಿ ಗಟ್ಟಿಯಾಗಿ ಮಾತನಾಡಬಹುದು ಎಂಬ ಧೈರ್ಯವನ್ನು ಸಾಮಾನ್ಯ ಪ್ರೇಕ್ಷಕನಿಗೆ ಕೊಟ್ಟ ಚಿತ್ರಗಳು ಅವು, ಆ ಋಣ ದೊಡ್ಡದು. ಆದರೆ ಚೆನ್ನಮ್ಮನ ಕೋಟೆಯೊಳಗೆ ಮದ್ದು ಅರೆದವನಿಗೆ, ಗಾಯಗೊಂಡವರಿಗೆ ನೀರು ಕೊಟ್ಟವಳಿಗೆ, ಹೆದರಿ ಓಡಿಹೋಗಿ ಮರುದಿನ ತಿರುಗಿ ಬಂದವನಿಗೆ ಅಂಥ ಚಿತ್ರಗಳಲ್ಲಿ ಹೆಸರಿರುವುದಿಲ್ಲ.

ಇಲ್ಲಿ ಒಂದು ಸಣ್ಣ ಅಡ್ಡಮಾತು. ನಮ್ಮ ಊರಿನ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ಎಸ್. ಎಂ. ಪಂಡಿತರು ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಪ್ರಚಾರ ಚಿತ್ರಗಳನ್ನು ಬರೆದು ಹೆಸರು ಮಾಡಿದವರು. ಅವರ ಕುಂಚದಲ್ಲಿ ಮುಖವೆಂದರೆ ಬೆಳಕು, ಮೈ ಎಂದರೆ ಕಾವು. ಸಿನಿಮಾ ಪ್ರಚಾರದ ಕಲೆಯೇ ಹಾಗೆ, ಅದು ಒಂದು ಅಥವಾ ಎರಡು ಮುಖಗಳ ಮೇಲೆ ನಿಂತದ್ದು. ಗೋಡೆಗೆ ಅಂಟಿಸುವ ಹಾಳೆಯಲ್ಲಿ ಸಾವಿರ ಜನರಿಗೆ ಜಾಗವಿಲ್ಲ. ಎಷ್ಟೋ ಚಿತ್ರಗಳು ಕಥೆಯನ್ನೂ ಪೋಸ್ಟರಿನ ಅಳತೆಗೇ ಕತ್ತರಿಸಿಕೊಂಡವು. ಬಂಡಾಯದ ಸಿನಿಮಾದ ಸತ್ವ ತಿಳಿಯುವುದು ಅದು ಗುಂಪನ್ನು ಹೇಗೆ ತೋರಿಸುತ್ತದೆ ಎಂಬುದರಲ್ಲಿ. ಇವತ್ತು ನಾನು ಹೇಳಲು ಬಂದಿರುವ ಮಾತು ಇಷ್ಟೇ, ಮುಂದಿನದೆಲ್ಲ ಅದರ ಉದಾಹರಣೆ.

ಮೊದಲು ರಷ್ಯಾಕ್ಕೆ ಹೋಗೋಣ. 1905ರಲ್ಲಿ ಪೊಟೆಮ್ಕಿನ್ ಎಂಬ ಯುದ್ಧನೌಕೆಯ ನಾವಿಕರು ಜಾರ್ ಚಕ್ರವರ್ತಿಯ ಅಧಿಕಾರಿಗಳ ವಿರುದ್ಧ ದಂಗೆ ಎದ್ದರು. ಹುಳು ಬಿದ್ದ ಮಾಂಸವನ್ನು ಊಟಕ್ಕೆ ಬಡಿಸಿದ್ದು ಕಿಡಿ ಹೊತ್ತಿಸಿತು. ಇಪ್ಪತ್ತು ವರ್ಷಗಳ ನಂತರ, 1925ರಲ್ಲಿ, ಐಸೆನ್‌ಸ್ಟೈನ್ ಅದರ ಮೇಲೆ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಎಂಬ ಮೂಕಿಚಿತ್ರ ಮಾಡಿದರು. ಅದರಲ್ಲಿ ಒಡೆಸ್ಸಾ ಪಟ್ಟಣದ ಉದ್ದನೆಯ ಮೆಟ್ಟಿಲುಗಳ ಮೇಲೆ ಸೈನಿಕರು ಜನರನ್ನು ಕೊಲ್ಲುತ್ತ ಇಳಿದು ಬರುವ ದೃಶ್ಯವಿದೆ. ನಿಮ್ಮಲ್ಲಿ ಸಿನಿಮಾ ಓದುವವರು ಅದನ್ನು ಬಿಡಿಬಿಡಿಯಾಗಿ ನೋಡಿರುತ್ತೀರಿ. ಮತ್ತೊಮ್ಮೆ ನೋಡುವಾಗ ಒಂದು ಸಂಗತಿಯನ್ನು ಗಮನಿಸಿ. ಜನರೆಲ್ಲರಿಗೂ ಮುಖವಿದೆ: ಒಡೆದ ಕನ್ನಡಕದ ಹೆಂಗಸು, ಗಾಯಗೊಂಡ ಮಗನನ್ನು ಎತ್ತಿಕೊಂಡು ಮೆಟ್ಟಿಲೇರಿ ಸೈನಿಕರ ಎದುರಿಗೇ ಹೋಗುವ ತಾಯಿ, ತಳ್ಳುಗಾಡಿಯಲ್ಲಿ ಉರುಳಿ ಹೋಗುವ ಕೂಸು. ಸೈನಿಕರದು ಮಾತ್ರ ಬೂಟುಗಳ ಸಾಲು, ಬಂದೂಕಿನ ತುದಿಗಳ ಸಾಲು, ಮೆಟ್ಟಿಲಿನ ಮೇಲೆ ಬಿದ್ದ ನೆರಳುಗಳು. ಅಧಿಕಾರಕ್ಕೆ ಮುಖವಿಲ್ಲ, ಜನಕ್ಕೆ ಇದೆ. ನಮ್ಮ ರೂಢಿಯ ಸಿನಿಮಾ ಮಾಡುವುದಕ್ಕೆ ಇದು ಪೂರ್ತಿ ತಿರುವುಮುರುವು.

ಆದರೆ ಈ ಚಿತ್ರದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒಡೆಸ್ಸಾದಲ್ಲಿ 1905ರಲ್ಲಿ ಜನ ಗುಂಡಿಗೆ ಬಲಿಯಾದದ್ದು ನಿಜ, ಆದರೆ ಆ ಮೆಟ್ಟಿಲುಗಳ ಮೇಲೆ ಅಂಥ ಕಗ್ಗೊಲೆ ಚಿತ್ರದಲ್ಲಿ ಇರುವ ರೀತಿಯಲ್ಲಿ ನಡೆದಿರಲಿಲ್ಲ. ಇವತ್ತು ಜಗತ್ತು ನೆನಪಿಟ್ಟಿರುವುದು ನಡೆಯದ ಆ ದೃಶ್ಯವನ್ನೇ. ತೆರೆಗೆ ಇರುವ ಶಕ್ತಿ ಇಂಥದ್ದು. ಅದು ಒಮ್ಮೆ ತೋರಿಸಿದ್ದು ಮುಂದಿನ ತಲೆಮಾರಿಗೆ ಇತಿಹಾಸವಾಗಿಬಿಡುತ್ತದೆ. ನಮ್ಮ ಸೀಮೆಯ ವಿಷಯಕ್ಕೆ ಬಂದಾಗ ಇದನ್ನು ಮರೆಯಬಾರದು.

ಎರಡನೆಯ ಉದಾಹರಣೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನನ್ನ ಮಟ್ಟಿಗೆ ಅದಕ್ಕಿಂತ ಪ್ರಾಮಾಣಿಕವಾದ ಚಿತ್ರ ಮತ್ತೊಂದಿಲ್ಲ. ಪಾಂಟೆಕಾರ್ವೋ 1966ರಲ್ಲಿ ಮಾಡಿದ ‘ದಿ ಬ್ಯಾಟಲ್ ಆಫ್ ಅಲ್ಜೀರ್ಸ್’. ಫ್ರೆಂಚರ ಆಳ್ವಿಕೆಯ ವಿರುದ್ಧ ಅಲ್ಜೀರಿಯಾ ನಡೆಸಿದ ಹೋರಾಟದಲ್ಲಿ ರಾಜಧಾನಿಯ ಕಸ್ಬಾ ಎಂಬ ಹಳೆಯ ಪೇಟೆಯೊಳಗೆ ನಡೆದ ಕಾಳಗದ ಕಥೆ ಅದು. ಹೋರಾಟದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಸಾದಿ ಯಾಸೆಫ್ ಅದರ ನಿರ್ಮಾಣದಲ್ಲಿದ್ದರು, ತಮ್ಮದೇ ಬದುಕನ್ನು ಹೋಲುವ ಪಾತ್ರವನ್ನು ತಾವೇ ಮಾಡಿದರು. ಬಹುತೇಕ ಎಲ್ಲರೂ ಅದೇ ಊರಿನ ಜನ, ನಟನೆಯ ವೃತ್ತಿಯವರಲ್ಲ. ಫ್ರೆಂಚ್ ಕರ್ನಲ್ ಪಾತ್ರದ ಜಾನ್ ಮಾರ್ಟಿನ್ ಒಬ್ಬರೇ ವೃತ್ತಿಪರ ನಟ. ಅವರಾದರೂ ಅಲ್ಜೀರಿಯಾದ ಯುದ್ಧವನ್ನು ವಿರೋಧಿಸಿದ ಹೇಳಿಕೆಗೆ ಸಹಿ ಹಾಕಿದ್ದವರು. ವಾರ್ತಾಚಿತ್ರದ ಒಂದು ತುಣುಕನ್ನೂ ಬಳಸದಿದ್ದರೂ ನೋಡುವವರಿಗೆ ಅದು ನಡೆದದ್ದನ್ನೇ ಕಂಡಂತಾಗುತ್ತದೆ.

ಆ ಚಿತ್ರದಲ್ಲಿ ಮೂವರು ಹೆಂಗಸರು ಕೂದಲು ಕತ್ತರಿಸಿಕೊಂಡು, ಯುರೋಪಿನವರ ಹಾಗೆ ಉಡುಪು ತೊಟ್ಟು, ಬುಟ್ಟಿ ಮತ್ತು ಚೀಲಗಳಲ್ಲಿ ಬಾಂಬು ಅಡಗಿಸಿಕೊಂಡು ಸೈನಿಕರ ತಪಾಸಣೆ ದಾಟಿ ಹೋಗುತ್ತಾರೆ. ಅವರಲ್ಲಿ ಒಬ್ಬಳು ಜನ ತುಂಬಿದ ಕೆಫೆಯಲ್ಲಿ ಕುಳಿತು ಬಾಂಬನ್ನು ಕಾಲಿನಿಂದ ಕೆಳಗೆ ಸರಿಸುತ್ತಾಳೆ. ಆಗ ಕ್ಯಾಮೆರಾ ಅವಳನ್ನು ಬಿಟ್ಟು ಸುತ್ತ ಕುಳಿತವರನ್ನು ಒಬ್ಬೊಬ್ಬರಾಗಿ ನೋಡುತ್ತದೆ. ಹರಟುವ ಹುಡುಗರು, ಕುಡಿಯುವ ಗಂಡಸರು, ಐಸ್‌ಕ್ರೀಮ್ ತಿನ್ನುವ ಒಂದು ಚಿಕ್ಕ ಮಗು. ಇನ್ನು ಕೆಲವೇ ನಿಮಿಷಗಳಲ್ಲಿ ಇವರು ಸಾಯುತ್ತಾರೆಂದು ಅವಳಿಗೆ ಗೊತ್ತು, ನಮಗೂ ಗೊತ್ತು. ಚಿತ್ರ ಹೋರಾಟಗಾರರ ಪರವಾಗಿಯೇ ಇದೆ, ಅದರಲ್ಲಿ ಸಂಶಯವಿಲ್ಲ. ಆದರೂ ಯಾರು ಸಾಯುತ್ತಾರೆಂಬುದನ್ನು ಅದು ನಮ್ಮಿಂದ ಮುಚ್ಚಿಡುವುದಿಲ್ಲ. ಅದೇ ರೀತಿ ಕರ್ನಲ್ಲನನ್ನು ಹಲ್ಲು ಕಡಿಯುವ ರಾಕ್ಷಸನನ್ನಾಗಿ ಮಾಡಿಲ್ಲ. ಅವನು ಶಾಂತ, ಸಭ್ಯ, ತನ್ನ ಕೆಲಸ ಬಲ್ಲವನು. ಚಿತ್ರಹಿಂಸೆಯ ಬಗ್ಗೆ ಪತ್ರಕರ್ತರು ಕೇಳಿದಾಗ, ಫ್ರಾನ್ಸ್ ಇಲ್ಲಿ ಉಳಿಯಬೇಕೇ ಬೇಡವೇ ಎಂಬುದನ್ನು ನೀವೇ ತೀರ್ಮಾನಿಸಿ, ಉಳಿಯಬೇಕೆಂದರೆ ಅದರ ಪರಿಣಾಮವನ್ನೂ ಒಪ್ಪಿಕೊಳ್ಳಬೇಕು ಎಂಬ ಅರ್ಥದ ಮಾತನ್ನು ಅವರಿಗೇ ತಿರುಗಿಸುತ್ತಾನೆ. ದಬ್ಬಾಳಿಕೆಯನ್ನು ಒಬ್ಬ ಕೆಟ್ಟವನ ತಲೆಗೆ ಕಟ್ಟಿದರೆ ಮನೆಯಲ್ಲಿ ಸುಮ್ಮನೆ ಕುಳಿತು ಒಪ್ಪಿಗೆ ಕೊಟ್ಟವರೆಲ್ಲ ಪಾರಾಗುತ್ತಾರೆ. ಈ ಚಿತ್ರ ಅವರನ್ನು ಪಾರಾಗಲು ಬಿಡುವುದಿಲ್ಲ. ಮುಂದಾಳುಗಳೆಲ್ಲ ಸತ್ತು ಅಥವಾ ಸೆರೆಯಾಗಿ ಹೋರಾಟ ಮುಗಿಯಿತು ಎನ್ನುವಾಗ, 1960ರ ಡಿಸೆಂಬರಿನಲ್ಲಿ, ಯಾರ ಕರೆಗೂ ಕಾಯದೆ ಜನ ಬೀದಿಗೆ ಇಳಿಯುತ್ತಾರೆ. ಚಿತ್ರದ ಕೊನೆ ಅಲ್ಲಿ, ಗುಂಪಿನ ನಡುವೆ.

2003ರಲ್ಲಿ, ಇರಾಕ್ ಯುದ್ಧದ ಹೊತ್ತಿನಲ್ಲಿ, ಅಮೆರಿಕದ ರಕ್ಷಣಾ ಇಲಾಖೆ ಇದೇ ಚಿತ್ರವನ್ನು ತನ್ನ ಅಧಿಕಾರಿಗಳಿಗೆ ತೋರಿಸಿತು. ಬಂಡಾಯ ಮಾಡುವವರೂ ಬಂಡಾಯ ಅಡಗಿಸುವವರೂ ಪಾಠಕ್ಕಾಗಿ ಒಂದೇ ಚಿತ್ರದ ಮುಂದೆ ಕುಳಿತುಕೊಳ್ಳುವಷ್ಟು ವಿವರ ಅದರಲ್ಲಿದೆ.

ಅಧಿಕಾರಕ್ಕೆ ತೆರೆಯ ಭಯ ನಮ್ಮ ದೇಶದಲ್ಲಿ ಮೂಕಿಚಿತ್ರದ ಕಾಲದಿಂದಲೂ ಇದೆ. 1921ರ ‘ಭಕ್ತ ವಿದುರ’ದಲ್ಲಿ ಮಹಾಭಾರತದ ವಿದುರ ಗಾಂಧಿ ಟೋಪಿ ಹಾಕಿಕೊಂಡು ಬಂದ. ಅಸಹಕಾರ ಚಳವಳಿಯ ದಿನಗಳು, ನೋಡುವವರಿಗೆ ಕೌರವರು ಯಾರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕರಾಚಿಯಲ್ಲಿ, ಮದ್ರಾಸಿನಲ್ಲಿ ಚಿತ್ರವನ್ನು ನಿಷೇಧಿಸಿದರು. ಬ್ರಿಟಿಷರು ಹೋದರು, ಸೆನ್ಸಾರ್ ಉಳಿಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಅಮೃತ್ ನಾಹಟಾ ಅವರ ‘ಕಿಸ್ಸಾ ಕುರ್ಸಿ ಕಾ’ ಚಿತ್ರದ ಪ್ರತಿಗಳನ್ನೂ ಮೂಲ ನೆಗೆಟಿವನ್ನೂ ಸರಕಾರ ವಶಪಡಿಸಿಕೊಂಡಿತು, ಆಮೇಲೆ ಅವನ್ನು ಸುಟ್ಟುಹಾಕಿದರು. ನಾಹಟಾ ಬೇರೆ ಪಕ್ಷದವರೇನೂ ಆಗಿರಲಿಲ್ಲ, ಆಳುವ ಕಾಂಗ್ರೆಸ್ಸಿನ ಸಂಸದರೇ. ಕೊನೆಗೆ ಅವರು ಆ ಚಿತ್ರವನ್ನು ಮತ್ತೊಮ್ಮೆ ಮಾಡಿದರು. ಅದರಲ್ಲಿ ಶಬಾನಾ ಆಜ್ಮಿಯವರದು ಮಾತು ಬಾರದ ಹೆಣ್ಣಿನ ಪಾತ್ರ, ಅವಳ ಹೆಸರು ಜನತಾ. ಇಡೀ ದೇಶದ ಜನರನ್ನು ಮೂಕಿಯೊಬ್ಬಳಾಗಿ ತೋರಿಸುವುದು ಆ ಇಪ್ಪತ್ತೊಂದು ತಿಂಗಳುಗಳ ಕಾವಿನಲ್ಲಿ ಅರ್ಥವಾಗುವಂಥದ್ದೇ. ಆದರೆ ನನಗೆ ಅಲ್ಲಿ ತೃಪ್ತಿಯಿಲ್ಲ. ಆ ದಿನಗಳಲ್ಲಿ ಜನ ಮೂಕರಾಗಿರಲಿಲ್ಲ, ಮಾತನಾಡಿದವರು ಸೆರೆಮನೆಯಲ್ಲಿದ್ದರು.

ಅವರಲ್ಲಿ ಒಬ್ಬರು ನಮ್ಮ ಸಿನಿಮಾದವರೇ. ‘ಸಂಸ್ಕಾರ’ದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿ ಇಟ್ಟರು. ಅವರಿಗೆ ಅಸ್ತಮಾ ಇತ್ತು. ಸೆರೆಯಲ್ಲಿ ಕಾಯಿಲೆ ಉಲ್ಬಣಿಸಿತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಪತಿ ಪಟ್ಟಾಭಿರಾಮ ರೆಡ್ಡಿ, ಲಂಕೇಶರ ನಾಟಕವನ್ನು ಆಧರಿಸಿ ‘ಚಂಡಮಾರುತ’ ಎಂಬ ಚಿತ್ರ ಮಾಡಿದರು. ಕನ್ನಡದಲ್ಲಿ ಆ ಕಾಲದ ರಾಜಕೀಯವನ್ನು ಆ ಕಾಲದಲ್ಲೇ ನೇರವಾಗಿ ಮುಟ್ಟಿದ ಚಿತ್ರ ಅದು. ಅಂಥ ಚಿತ್ರದ ಹೆಸರನ್ನೇ ಕೇಳದ ಸಿನಿಮಾ ವಿದ್ಯಾರ್ಥಿಗಳು ಈಗ ಎಷ್ಟೋ ಮಂದಿ ಇದ್ದಾರೆ ಎಂಬುದು ನನ್ನನ್ನು ತುಂಬ ಕಾಡುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಶ್ಯಾಮ್ ಬೆನಗಲ್ ಅವರ 1974ರ ‘ಅಂಕುರ್’ ಮತ್ತು 1975ರ ‘ನಿಶಾಂತ್’ ಎರಡೂ ಹೈದರಾಬಾದ್ ಸೀಮೆಯ ಚಿತ್ರಗಳು. ‘ಅಂಕುರ್’ನ ಪಾತ್ರಗಳು ಆಡುವುದು ದಖನಿ, ನಮ್ಮ ಬಜಾರುಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತು. ಕಲಬುರಗಿಯವರು ಅದನ್ನು ನೋಡಿದರೆ ಪಕ್ಕದ ಊರಿನ ಕಥೆ ನೋಡಿದಂತಿರುತ್ತದೆ. ಕೊನೆಯಲ್ಲಿ ಜಮೀನ್ದಾರನ ಮಗ ಮಾತು ಬಾರದ ಕೂಲಿಯವನನ್ನು ಚಾವಟಿಯಿಂದ ಹೊಡೆಯುತ್ತಾನೆ. ಜನ ನಿಂತು ನೋಡುತ್ತಾರೆ. ಎಲ್ಲರೂ ಹೋದ ಮೇಲೆ ಒಬ್ಬ ಚಿಕ್ಕ ಹುಡುಗ ಕಲ್ಲು ಎತ್ತಿ ಆ ಮನೆಯ ಕಿಟಕಿಗೆ ಬೀಸಿ ಓಡುತ್ತಾನೆ, ತೆರೆ ಕೆಂಪಾಗುತ್ತದೆ. ಗುಂಪು ಮಾಡದಿದ್ದುದನ್ನು ಮಗು ಮಾಡಿತು ಎಂದು ಅದನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಸುಮ್ಮನೆ ನಿಂತು ನೋಡಿದ ಆ ಜನರ ಮುಖಗಳನ್ನು ಮರೆಯಬೇಡಿ. ಅವರೆಲ್ಲ ಅವನ ಗದ್ದೆಯಲ್ಲಿ ದುಡಿಯುವವರು, ನಾಳೆಯ ಜೋಳಕ್ಕೆ ಅವನ ಬಾಗಿಲಿಗೇ ಹೋಗಬೇಕಾದವರು.

‘ನಿಶಾಂತ್’ ಅದಕ್ಕಿಂತ ಕಠಿಣವಾದ ಚಿತ್ರ. ಜಮೀನ್ದಾರನ ತಮ್ಮಂದಿರು ಊರಿಗೆ ಬಂದ ಶಾಲಾ ಮಾಸ್ತರನ ಹೆಂಡತಿಯನ್ನು ಹೊತ್ತೊಯ್ಯುತ್ತಾರೆ. ಗಿರೀಶ ಕಾರ್ನಾಡರು ಮಾಸ್ತರನ ಪಾತ್ರದಲ್ಲಿದ್ದಾರೆ. ಅವನು ಪೊಲೀಸರ ಬಳಿ ಹೋಗುತ್ತಾನೆ, ಮೇಲಿನ ಅಧಿಕಾರಿಗಳ ಬಳಿ ಹೋಗುತ್ತಾನೆ, ಎಲ್ಲ ಬಾಗಿಲುಗಳೂ ಒಂದೊಂದಾಗಿ ಮುಚ್ಚುತ್ತವೆ. ಕೊನೆಗೆ ಮಾಸ್ತರ ಮತ್ತು ಗುಡಿಯ ಪೂಜಾರಿ ಸೇರಿ ಊರವರನ್ನು ಹುರಿಗೊಳಿಸುತ್ತಾರೆ. ಜನ ಏಳುತ್ತಾರೆ, ಜಮೀನ್ದಾರನ ಮನೆಗೆ ನುಗ್ಗುತ್ತಾರೆ, ಕೊಲ್ಲತೊಡಗುತ್ತಾರೆ. ಆದರೆ ಕೊಲ್ಲುವುದು ಅಲ್ಲಿಗೆ ನಿಲ್ಲುವುದಿಲ್ಲ. ಆ ಮನೆಯ ನಿರಪರಾಧಿ ಸೊಸೆ ಸಾಯುತ್ತಾಳೆ, ಯಾರಿಗೆ ಆದ ಅನ್ಯಾಯಕ್ಕಾಗಿ ಊರು ಎದ್ದಿತೋ ಆ ಮಾಸ್ತರನ ಹೆಂಡತಿಯೂ ಸಾಯುತ್ತಾಳೆ. ಎಬ್ಬಿಸಿದವನ ಕೈಯಲ್ಲಿ ಆಗ ಏನೂ ಉಳಿದಿಲ್ಲ. ಬಂಡಾಯವನ್ನು ಪ್ರೀತಿಸುವವರು ನೋಡಲೇಬೇಕಾದ ದೃಶ್ಯವಿದು. ಊರಿನ ಸಿಟ್ಟು ಸಾಹುಕಾರನ ಮನೆಯ ಲೂಟಿಯಾಗಿ ತಿರುಗುವುದನ್ನು 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಸಿದ್ಧಲಿಂಗಯ್ಯನವರು ಕೂಡ ತೋರಿಸಿದ್ದರು. ಜನಪ್ರಿಯ ಚೌಕಟ್ಟಿನೊಳಗೇ ಗುಂಪಿನ ನ್ಯಾಯವನ್ನೂ ಅನ್ಯಾಯವನ್ನೂ ಒಟ್ಟಿಗೆ ಇಟ್ಟ ಆ ಚಿತ್ರಕ್ಕೆ ನಾವು ಇನ್ನೂ ಹೆಚ್ಚಿನ ಗೌರವ ಕೊಡಬೇಕಾಗಿತ್ತು.

ತೆಲುಗಿನಲ್ಲಿ ಗೌತಮ್ ಘೋಷ್ ಅವರ ‘ಮಾ ಭೂಮಿ’ ಬಂತು. ತೆಲಂಗಾಣದ ರೈತರ ಸಶಸ್ತ್ರ ಹೋರಾಟದ ಕಥೆ, ಗದ್ದರ್ ಅವರ ದನಿಯಲ್ಲಿ ಅದರ ಹಾಡು ಇವತ್ತಿಗೂ ಮೊಳಗುತ್ತದೆ. 1946ರಲ್ಲಿ ಶುರುವಾದ ಆ ಹೋರಾಟ 1948ರ ಸೆಪ್ಟೆಂಬರಿಗೆ ಮುಗಿಯಲಿಲ್ಲ, 1951ರ ವರೆಗೆ ನಡೆಯಿತು. ನಿಜಾಮನ ಆಳ್ವಿಕೆ ಮುಗಿದರೆ ಭೂಮಿಯ ಪ್ರಶ್ನೆ ಮುಗಿಯಿತೇ ಎಂದು ಕೇಳುವ ಧೈರ್ಯ ಆ ಚಿತ್ರಕ್ಕಿದೆ. ಗೆದ್ದ ದಿನದಂದೇ ಬಾವುಟ ಹಾರಿಸಿ ಕಥೆ ಮುಗಿಸುವ ಚಿತ್ರಗಳಿಗೆ ಅದು ಇರುವುದಿಲ್ಲ.

ಹೀಗಿರುವಾಗ ನಮ್ಮ ಕಲಬುರಗಿ, ಬೀದರ್, ಯಾದಗಿರಿಗಳ ಬಂಡಾಯಗಳನ್ನು ತೆರೆಗೆ ತರುವುದೆಂದರೆ ಹೇಗೆ? ಸಾಮಗ್ರಿಗೆ ಕೊರತೆಯಿಲ್ಲ. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ. ಅವನನ್ನು ಬಾಲ್ಯದಿಂದ ನೋಡಿಕೊಂಡ, ಅವನು ‘ಅಪ್ಪಾ’ ಎಂದು ಕರೆಯುತ್ತಿದ್ದ ಮೆಡೋಸ್ ಟೇಲರ್ ಅದೇ ಬ್ರಿಟಿಷರ ಅಧಿಕಾರಿ. ಸಾಕಿದವನ ಸರಕಾರದ ಮೇಲೆಯೇ ಕತ್ತಿ ಎತ್ತಿದ ಹುಡುಗನ ಕಥೆಯನ್ನು ಒಬ್ಬ ಒಳ್ಳೆಯ ನಿರ್ದೇಶಕ ಮುಟ್ಟಿದರೆ ಅದು ಎಲ್ಲಿಗೋ ಹೋಗಬಹುದು.

ಕಲ್ಯಾಣದ ವಿಷಯದಲ್ಲಿ ನನ್ನ ಆಸೆ ಇನ್ನೂ ದೊಡ್ಡದು. 1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಬಂತು, 1983ರಲ್ಲಿ ‘ಕ್ರಾಂತಿಯೋಗಿ ಬಸವಣ್ಣ’ ಬಂತು. ಎರಡರ ಹೆಸರಿನಲ್ಲೂ ಇರುವುದು ಒಬ್ಬ ಮಹಾಪುರುಷ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದ ಬದಲಾವಣೆಯ ವಿಶೇಷವೇ ಅಲ್ಲಿನ ಗುಂಪು. ಎಂಟುನೂರು ವರ್ಷಗಳ ಹಿಂದಿನ ಒಂದು ಬಂಡಾಯದಲ್ಲಿ ಅಂಬಿಗ, ಮಡಿವಾಳ, ಅಕ್ಕಿ ಆಯುವವಳು ತಮ್ಮ ತಮ್ಮ ಹೆಸರು, ತಮ್ಮ ಕಾಯಕ, ತಮ್ಮದೇ ಮಾತುಗಳೊಂದಿಗೆ ಉಳಿದುಕೊಂಡಿರುವುದು ಜಗತ್ತಿನಲ್ಲಿ ಬೇರೆಲ್ಲಿದೆ ಹೇಳಿ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆ ಗೊತ್ತು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವಳು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸುತ್ತಾಳೆ. ಒಂದು ಗುಡಿಸಲು, ಒಂದು ಮೊರ, ಇಬ್ಬರು ಮನುಷ್ಯರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಗಿ, ಅದಕ್ಕೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಗಿ, ಬಿಜ್ಜಳನ ಕೊಲೆಯಾಗಿ, ಶರಣರು ದಿಕ್ಕಾಪಾಲಾದ ದೊಡ್ಡ ಕಥೆಯನ್ನು ಆ ಗುಡಿಸಲಿನಿಂದ ನೋಡಿದರೆ ಹೇಗಿರುತ್ತದೆ ಎಂದು ಯೋಚಿಸಿ. ಸಿಂಹಾಸನದ ಸೆಟ್ಟಿಗೆ ಬೇಕಾಗುವ ಹಣವೂ ಉಳಿಯುತ್ತದೆ.

ಕೊನೆಗೆ, ಈ ವಾರ ನಾವೆಲ್ಲ ನೆನೆಯುವ 1948ರ ಮಾತು, ಹೈದರಾಬಾದಿನ ನಿಜಾಮನ ಆಳ್ವಿಕೆಯಿಂದ ನಮ್ಮ ಸೀಮೆ ಬಿಡುಗಡೆಯಾದ ವರ್ಷದ್ದು. ನಮ್ಮ ಹಿರಿಯರು ಆ ಕಾಲವನ್ನು ರಜಾಕಾರರ, ಅಂದರೆ ನಿಜಾಮನ ಪರವಾಗಿ ನಿಂತ ಖಾಸಗಿ ಸಶಸ್ತ್ರ ಪಡೆಯವರ, ಹಾವಳಿ ಎಂದೇ ಕರೆಯುತ್ತಾರೆ. ಆ ವರ್ಷದ ಮೇ ತಿಂಗಳಿನಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ನಮ್ಮ ಸೀಮೆ ಮರೆತಿಲ್ಲ, ಮರೆಯಲೂ ಬಾರದು. ಗಡಿಯ ಆಚೆ ಶಿಬಿರಗಳನ್ನು ಕಟ್ಟಿ, ರಾತ್ರಿ ಹೊತ್ತು ಒಳಗೆ ನುಗ್ಗಿ ನಿಜಾಮನ ಕರೋಡಗಿರಿ (ಸುಂಕದ) ನಾಕಾಗಳ ಮೇಲೆ ದಾಳಿ ಮಾಡಿದ ತರುಣರು, ಹೈದರಾಬಾದ್ ವಿಮೋಚನಾ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರ ಮಾತು ಕೇಳಿ ಶಾಲೆ ಬಿಟ್ಟು ಸೆರೆಮನೆಗೆ ಹೋದವರು, ಇವರೆಲ್ಲ ತೆರೆಯ ಮೇಲೆ ಬರಬೇಕಾದವರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಬಂತು, 17ರಂದು ನಿಜಾಮ ಶರಣಾದ.

2024ರಲ್ಲಿ ಈ ವಸ್ತುವಿನ ಮೇಲೆ ತೆಲುಗಿನಲ್ಲಿ ‘ರಜಾಕಾರ್’ ಎಂಬ ಚಿತ್ರ ಬಂತು. ನಾಳೆ ನಿಮ್ಮಲ್ಲಿ ಯಾರಾದರೂ ಕನ್ನಡದಲ್ಲಿ ಮಾಡುತ್ತೀರಿ ಎಂಬ ನಂಬಿಕೆಯಿಂದ ಎರಡು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಮೊದಲನೆಯದು, ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್. ಹೈದರಾಬಾದ್ ಭಾರತಕ್ಕೆ ಸೇರಬೇಕೆಂದು ಬರೆದದ್ದಕ್ಕಾಗಿ 1948ರ ಆಗಸ್ಟಿನಲ್ಲಿ ಅವರನ್ನು ಬೀದಿಯಲ್ಲಿ ಕೊಂದರು. ರಜಾಕಾರರನ್ನು ಎದುರಿಸಿದವರ ಸಾಲಿನಲ್ಲಿ ಅವರಿಲ್ಲದ ಚಿತ್ರ ಅಪೂರ್ಣ. ಎರಡನೆಯದು ಹೇಳಲು ಕಷ್ಟವಾದದ್ದು, ಆದರೂ ಕಲಬುರಗಿಯಲ್ಲಿ ನಿಂತು ಹೇಳದಿದ್ದರೆ ಇನ್ನೆಲ್ಲಿ ಹೇಳಬೇಕು. ಪೊಲೀಸ್ ಕಾರ್ಯಾಚರಣೆ ಎಂದು ಕರೆಯುವ ಆ ಸೇನಾ ಕಾರ್ಯಾಚರಣೆಯ ಬೆನ್ನಿಗೇ ಪ್ರತೀಕಾರದ ಹಿಂಸೆ ಶುರುವಾಗಿ, ರಜಾಕಾರರಿಗೆ ಸಂಬಂಧವೇ ಇಲ್ಲದ ಸಾವಿರಾರು ಮುಸಲ್ಮಾನರು ಸತ್ತರು. ಅದನ್ನು ತಿಳಿಯಲು ಕೇಂದ್ರ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಅವರ ತಂಡ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ನಾಲ್ಕು: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಗೋರ್ಟಾವನ್ನು ತೋರಿಸಿ ಇದನ್ನು ಬಿಡುವುದಾಗಲಿ, ಇದನ್ನು ತೋರಿಸಿ ಗೋರ್ಟಾವನ್ನು ಬಿಡುವುದಾಗಲಿ ನಮ್ಮ ಜನಕ್ಕೆ ಮಾಡುವ ಅನ್ಯಾಯ. ‘ನಿಶಾಂತ್’ನ ಕೊನೆಯನ್ನು ನಾನು ಅಷ್ಟು ವಿವರವಾಗಿ ಹೇಳಿದ್ದು ಇದಕ್ಕಾಗಿಯೇ.

ನಿಮ್ಮ ಕೈಯಲ್ಲಿ ಈಗ ಮೊಬೈಲ್ ಕ್ಯಾಮೆರಾ ಇದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಬಂದಿದ್ದಾರೆ. ದೊಡ್ಡ ಚಿತ್ರ ಆಮೇಲೆ ಆಗಲಿ, ಮೊದಲು ಇವರ ಮಾತನ್ನು ದಾಖಲಿಸಿಕೊಳ್ಳಿ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಕೇಳಬೇಡಿ. ಆ ರಾತ್ರಿ ಮನೆಯಲ್ಲಿ ಏನು ಅಡುಗೆಯಾಗಿತ್ತು, ಬಂಗಾರವನ್ನು ಎಲ್ಲಿ ಹೂತಿಟ್ಟರು, ದನಗಳನ್ನು ಬಿಚ್ಚಿ ಬಿಟ್ಟರೋ ಕಟ್ಟಿಯೇ ಹೋದರೋ, ಯಾರ ಮನೆಯ ಅಟ್ಟದಲ್ಲಿ ಅಡಗಿದರು, ತಿರುಗಿ ಬಂದಾಗ ಬಾಗಿಲು ಹೇಗಿತ್ತು ಎಂದು ಕೇಳಿ. ಅವರು ಆಡುವ ಕಲಬುರಗಿ ಕನ್ನಡವನ್ನೋ ದಖನಿಯನ್ನೋ ತಿದ್ದಲು ಹೋಗಬೇಡಿ. ಹೆಸರು ಬೇಡವೆಂದರೆ ಹೆಸರು ಬಿಡಿ.

ಎಲ್ಲಿಂದ ಶುರು ಮಾಡಬೇಕು ಎಂದು ನಿಮ್ಮಲ್ಲೊಬ್ಬರು ಆಗಲೇ ಚೀಟಿ ಕಳಿಸಿದ್ದೀರಿ. ಸುಂದರಲಾಲ್ ಅವರ ವರದಿಯಲ್ಲೇ ಅದಕ್ಕೊಂದು ದಾರಿಯಿದೆ. ಆ ಹಿಂಸೆಯ ನಡುವೆಯೂ ಹಿಂದೂಗಳು ತಮ್ಮ ಮುಸಲ್ಮಾನ ನೆರೆಯವರನ್ನು ಕಾಪಾಡಿದ ಪ್ರಸಂಗಗಳು ಅನೇಕ ಕಂಡವೆಂದು ಅದು ಹೇಳುತ್ತದೆ. ಅದರಲ್ಲೂ ಒಂದೇ ಕಸುಬಿನವರ ನಡುವೆ ಈ ಒಲವು ಎದ್ದು ಕಂಡಿತಂತೆ, ಕೆಲವು ಕಡೆ ಹಿಂದೂ ನೇಕಾರರು ತಾವೇ ಪೆಟ್ಟು ತಿಂದು ಮುಸಲ್ಮಾನ ನೇಕಾರರನ್ನು ರಕ್ಷಿಸಿದರಂತೆ. ಆ ನೇಕಾರರು ಯಾರು, ಯಾವ ಊರಿನವರು, ಅವರ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ? ನಮ್ಮ ನಾಲ್ಕೂ ಕಡೆಯ ಊರುಗಳಲ್ಲಿ ಮಗ್ಗದ ಮನೆಗಳು ಇನ್ನೂ ಇವೆ. ಅಲ್ಲಿಂದಲೇ ಶುರು ಮಾಡಿ, ಈ ರವಿವಾರವೇ ಹೋಗಿ.